ಬಾವಿ ದಂಡೆಯ ಇಂಜಿನ್, ಬಿಗಿದ ರೇಸ್

ಹುಮನಾಬಾದ್ ಸೀಮೆಯ ದುಬಲಗುಂಡಿಯ ಬಾವಿಗಳ ಮೇಲೆ ಎತ್ತು ಕಟ್ಟಿ ಮೋಟ ಹೊಡೆಯುವ ಕಾಲ ಮುಗಿದು ಆಯಿಲ್ ಇಂಜಿನ್ ಬಂತು. ಅದರ ಬೆನ್ನಿಗೇ ಇಂಜಿನ್ ಮಿಸ್ತ್ರಿಯ ಕಸುಬೂ ಬಂತು. ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ, ಉಸ್ತಾದರ ಕೈಕೆಳಗೆ, ನಾನು ಆ ಕಸುಬು ಕಲಿತೆ. ಈಗ ಅದನ್ನು ಕೇಳುವವರಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಕಡೆ ಹೆಚ್ಚು ಹೆಸರಿದ್ದದ್ದು ಲಿಸ್ಟರ್‌ಗೆ. ಇಂಗ್ಲೆಂಡಿನ ಡರ್ಸ್ಲಿ ಊರಿನ ಆ ಕಂಪನಿ 1929ರಲ್ಲಿ ಒಂದೇ ಸಿಲಿಂಡರಿನ ಸಿಎಸ್ ಇಂಜಿನ್ ತಂದಿತು. ಅದರ ಐದು ಅಶ್ವಶಕ್ತಿಯ ಮಾದರಿಗೆ ನಿಮಿಷಕ್ಕೆ 600 ಸುತ್ತು. ಮುಂದೆ ರಾಜಕೋಟದವರು ಅದೇ ಮಾದರಿಯಲ್ಲಿ ಇಂಜಿನ್ ಎರಕ ಹೊಯ್ದರು. ರೈತರಿಗೆ ಅವೆಲ್ಲವೂ ಲಿಸ್ಟರೇ. ಇನ್ನೊಂದು ಕಿರ್ಲೋಸ್ಕರ್. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರುಮಾಡಿದವರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಮುಂದೆ ಟ್ರ್ಯಾಕ್ಟರಿನಲ್ಲಿ ನಾವು ಕಂಡ ರೇಸಿನ, ಅಂದರೆ ಎಕ್ಸಲೇಟರಿನ, ತಂತಿಯ ಹುಟ್ಟೂ ಸೈಕಲ್ಲಿನ ಜೊತೆಗಿದೆ. ಕೊಳವೆಯೊಳಗೆ ಜಾರುವ ತಂತಿಗೆ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ. ಅದು ಮೊದಲು ಹೆಸರಾದದ್ದು ಸೈಕಲ್ ಬ್ರೇಕಿನಲ್ಲಿ.

ಲಿಸ್ಟರಿನಲ್ಲಿ ಆ ತಂತಿ ಇಲ್ಲ. ಗವರ್ನರಿನ ತೂಕಗಳು ಒಂದು ಸಣ್ಣ ಸಲಾಕೆಯ ಮೂಲಕ ಡೀಸೆಲ್ ಪಂಪಿನ ರ್‍ಯಾಕನ್ನು ಹಿಂದೆಮುಂದೆ ಆಡಿಸುತ್ತವೆ. ನೀರಿನ ಭಾರ ಬಿದ್ದು ವೇಗ ಇಳಿದರೆ ಡೀಸೆಲ್ ಹೆಚ್ಚಬೇಕು, ಭಾರ ಹೋದರೆ ಕಡಿಮೆಯಾಗಬೇಕು. ಆ ಕೀಲುಗಳಲ್ಲಿ ಕರಿಮಣ್ಣಿನ ಧೂಳು ಹಳೇ ಗ್ರೀಸಿನೊಂದಿಗೆ ಗಟ್ಟಿಯಾದರೆ ಇಂಜಿನ್ ಒಮ್ಮೆ ಏರಿ ಒಮ್ಮೆ ಇಳಿಯುತ್ತ ಉಸಿರುಕಟ್ಟಿದಂತೆ ಓಡುತ್ತದೆ. ಡೀಸೆಲ್ ಪೂರ್ತಿ ಬಿಟ್ಟಲ್ಲೇ ರ್‍ಯಾಕ್ ಸಿಕ್ಕಿಕೊಂಡರೆ ವೇಗ ಅಂಕೆ ಮೀರುತ್ತದೆ. ಆಗ ಇಂಜಿನ್ನಿನ ಭಾರೀ ಫ್ಲೈವೀಲಿನ ಎದುರು ಯಾರೂ ನಿಲ್ಲಬಾರದು.

ಟ್ರ್ಯಾಕ್ಟರ್ ಬಂದ ಮೇಲೆ ದೂರು ಬದಲಾಯಿತು: "ಉಸ್ತಾದ್, ರೇಸ್ ಭಾಳ ಬಿಗಿ ಆಗ್ಯಾದ್ರಿ." ಹುಡುಗರಾದ ನಾವು ಲಿವರ್ ಹಿಡಿದು ಜಗ್ಗಲು ಹೋಗುತ್ತಿದ್ದೆವು. ಉಸ್ತಾದ್ ತಡೆಯುತ್ತಿದ್ದರು: "ಜೋರ್ ಮಾಡಬ್ಯಾಡ್ರಿ. ಇಂಜಿನ್ ಕಡೀದು ಮೊದಲ್ ಬಿಚ್ಚರಿ." ತಂತಿಯ ತುದಿಯನ್ನು ಪಂಪಿನ ಲಿವರಿನಿಂದ ಬಿಡಿಸಿದರೆ ರೋಗ ಎರಡು ಪಾಲಾಗುತ್ತದೆ. ಪಂಪಿನ ಲಿವರನ್ನು ಬೆರಳಿನಿಂದ ಆಡಿಸಿ ನೋಡಬೇಕು. ಸಲೀಸಾಗಿ ಆಡಿದರೆ ಪಂಪಿನ ತಪ್ಪಿಲ್ಲ. ಆಮೇಲೆ ಚಾಲಕನ ಕೈಹಿಡಿಯ ಕಡೆಯಿಂದಲೂ ತಂತಿ ಬಿಡಿಸಿ, ಬರೀ ತಂತಿಯನ್ನು ಎಳೆದು ನೋಡಬೇಕು. ಬಿಗಿ ಅಲ್ಲೇ ಇದ್ದರೆ ಒಳಗೆ ತುಕ್ಕು ಹಿಡಿದಿರುತ್ತದೆ, ಎಳೆ ಬಿಚ್ಚಿರುತ್ತದೆ, ಇಲ್ಲವೇ ಯಾರೋ ಕೊಳವೆಯನ್ನು ಚೂಪಾಗಿ ಮಡಚಿ ಕಟ್ಟಿರುತ್ತಾರೆ. ತಂತಿಯೂ ಸಲೀಸಾಗಿದ್ದರೆ ಕೈಹಿಡಿಯ ಕೀಲಿಗೆ ಎಣ್ಣೆ ಬೇಕು, ಅಥವಾ ಅದರ ಬಿಗಿ ಸ್ಕ್ರೂ ಸಡಿಲಿಸಬೇಕು.

ಸಮುದ್ರದ ಮೋಟಾರು ದೋಣಿಗಳಲ್ಲೂ ಇದೇ ಪರೀಕ್ಷೆ. ಅಲ್ಲಿ ತಂತಿ ಉದ್ದ, ತಿರುವು ಹೆಚ್ಚು, ಮೇಲೆ ಉಪ್ಪಿನ ಗಾಳಿ. ಒಳಗೆ ಪ್ಲಾಸ್ಟಿಕ್ ಪದರವಿರುವ ಹೊಸ ಕೇಬಲ್ಲಿಗೆ ಎಣ್ಣೆ ಸುರಿಯುವುದು ಮದ್ದಲ್ಲ. ಬಿಗಿಯಾಯಿತೆಂದರೆ ಬದಲಾಯಿಸಬೇಕು. ಹಳೇ ತಂತಿ ಬೇರೆ, ಅದರೊಳಗೆ ತೆಳು ಎಣ್ಣೆ ಹನಿಸಿ ರಾತ್ರಿಯಿಡೀ ತೂಗುಹಾಕುತ್ತಿದ್ದೆವು.

ಕರೆಂಟು, ಬೋರ್‌ವೆಲ್ ಬಂದ ಮೇಲೆ ಲಿಸ್ಟರುಗಳು ಕಿಲೋ ಲೆಕ್ಕದಲ್ಲಿ ಮೋಡಕಾಕ್ಕೆ, ಅಂದರೆ ಗುಜರಿಗೆ, ಹೋದವು. ನಿಮ್ಮ ಹೊಲದ ಮೂಲೆಯಲ್ಲಿ ಒಂದು ಉಳಿದಿದ್ದರೆ ದಯವಿಟ್ಟು ಮಾರಬೇಡಿ. ಹತ್ತಿರದ ಐಟಿಐಗೆ ಕೊಡಿ. ಗವರ್ನರ್ ಕೆಲಸ ಮಾಡುವುದನ್ನು ಮಕ್ಕಳು ಕಣ್ಣಾರೆ ಕಾಣಬೇಕೆಂದರೆ ಅದಕ್ಕಿಂತ ಒಳ್ಳೆಯ ಇಂಜಿನ್ ಇಲ್ಲ.