ಶಾಸ್ತ್ರದಾನದ ಮುಂದಿನ ಹೆಜ್ಜೆ: ಭಾವೂರಾವ ಪಾಟೀಲರು ಮತ್ತು ಹಳ್ಳಿಯ ಅಧ್ಯಾಪಕ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪ್ರಸ್ತಾಪ ಕನ್ನಡ ನಾಡಿನ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶಾಸ್ತ್ರದಾನವೆಂದೊಡನೆ ನಮ್ಮ ಸಾಹಿತ್ಯ ಚರಿತ್ರೆ ಅತ್ತಿಮಬ್ಬೆಯನ್ನು ನೆನೆಯುತ್ತದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಕೀರ್ತಿ ಆಕೆಯದು. ಆದರೆ ಓಲೆಯ ಪ್ರತಿ ಓದಬಲ್ಲವರ ಕೈಯನ್ನಷ್ಟೇ ಸೇರಬಲ್ಲದು. ಓದಲು ಕಲಿಸುವವರೇ ಇಲ್ಲದ ಕೇರಿಗೆ ಸಲ್ಲಬೇಕಾದ ಶಾಸ್ತ್ರದಾನ ಯಾವುದು? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಕಾರ್ಯರೂಪದ ಉತ್ತರ ನೀಡಿದವರಲ್ಲಿ ಕರ್ಮವೀರ ಭಾವೂರಾವ ಪಾಟೀಲರು ಪ್ರಮುಖರು.

ಪಾಟೀಲರು 1887ರ ಸೆಪ್ಟೆಂಬರ್ 22ರಂದು ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಪ್ರೌಢ ವಿದ್ಯಾಭ್ಯಾಸಕ್ಕಾಗಿ ಕೊಲ್ಹಾಪುರಕ್ಕೆ ಬಂದು ಅಲ್ಲಿನ ಜೈನ ವಸತಿಗೃಹದಲ್ಲಿ ನೆಲೆಸಿದರು. ಛತ್ರಪತಿ ಶಾಹೂ ಮಹಾರಾಜರು ಬೇರೆ ಬೇರೆ ಸಮುದಾಯಗಳ ಬಡ ಮಕ್ಕಳಿಗಾಗಿ ವಸತಿಗೃಹಗಳಿಗೆ ಆಶ್ರಯವಿತ್ತ ಕಾಲ ಅದು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ ಆರಂಭವಾಯಿತು. ಅದರ ಸಮಾರಂಭಕ್ಕೆ ಹೋಗಿ ಬಂದ ತರುಣ ಭಾವೂರಾವರಿಗೆ ಸ್ನಾನ ಮಾಡಿ ಶುದ್ಧರಾಗಬೇಕೆಂಬ ಆಜ್ಞೆಯಾಯಿತು. ಅವರು ನಿರಾಕರಿಸಿದರು; ಜೈನ ವಸತಿಗೃಹದಿಂದ ಹೊರಬೀಳಬೇಕಾಯಿತು.

ಈ ಪ್ರಸಂಗವನ್ನು ಜೈನ ಅಧ್ಯಯನದಲ್ಲಿ ತೊಡಗಿದವರು ನುಣುಚಿಕೊಳ್ಳದೆ ಓದಬೇಕು. ದಾನಪರಂಪರೆಯ ಹೆಮ್ಮೆಯುಳ್ಳ ಸಮುದಾಯವೇ ನಡೆಸುತ್ತಿದ್ದ ಮನೆಯಲ್ಲಿ ಅಭಯಕ್ಕೆ ಜಾತಿಯ ಮೇರೆಯಿತ್ತು. ಆ ಮೇರೆಯನ್ನು ದಾಟಿದವರೂ ಅದೇ ಸಮುದಾಯದ ಒಬ್ಬ ವಿದ್ಯಾರ್ಥಿ. ಮುಂದೆ ಇಸ್ಲಾಮ್‌ಪುರದ ಶಾಲೆಯಲ್ಲಿ ತರಗತಿಯ ಹೊರಗೆ ಕುಳಿತು ಪಾಠ ಕೇಳುತ್ತಿದ್ದ ಜ್ಞಾನದೇವ ಘೋಲಪ ಎಂಬ ದಲಿತ ಬಾಲಕನನ್ನು ಕಂಡು, ಅವನನ್ನು ಕರೆತಂದು ಅದೇ ಮಿಸ್ ಕ್ಲಾರ್ಕ್ ವಸತಿಗೃಹಕ್ಕೆ ಸೇರಿಸಿದವರು ಭಾವೂರಾವರೇ. ಆ ಬಾಲಕ ಮುಂದೆ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯನಾದ.

1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಸಾತಾರದಲ್ಲಿ ಛತ್ರಪತಿ ಶಾಹೂ ವಸತಿಗೃಹ ಆರಂಭವಾಗಿ, ಎಲ್ಲ ಜಾತಿಗಳ ಹುಡುಗರು ಒಂದೇ ಸೂರಿನಡಿ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಂಡರು. ಹಣದ ಮೂಲಗಳು ಕ್ಷೀಣವಾಗಿದ್ದವು. ಗೃಹಿಣಿಯರು ದಿನವೂ ತೆಗೆದಿರಿಸುತ್ತಿದ್ದ ಒಂದು ಮುಷ್ಟಿ ಧಾನ್ಯವೇ ನಿಧಿಯಾಯಿತು. ದಿನಸಿ ಮುಗಿದಾಗ ಪತ್ನಿ ಲಕ್ಷ್ಮೀಬಾಯಿಯವರ ಒಡವೆಗಳು ಒಂದೊಂದಾಗಿ ಹೋದವು. ಕೊನೆಗೆ ಮಂಗಳಸೂತ್ರವೂ ಉಳಿಯಲಿಲ್ಲ. ಉಳಿದುದನ್ನು ಹುಡುಗರ ದುಡಿಮೆ ತುಂಬಿತು. ದುಡಿಯುತ್ತ ಕಲಿಯುವುದು ಸಂಸ್ಥೆಯ ಧರ್ಮವೇ ಆಯಿತು.

ಇಲ್ಲಿ ಗಮನಿಸಬೇಕಾದುದು ಕಾಲಾನುಕ್ರಮ. ವಸತಿಗೃಹ ಬಂದದ್ದು 1924ರಲ್ಲಿ. ಪ್ರಾಥಮಿಕ ಶಿಕ್ಷಕರನ್ನು ತಯಾರಿಸುವ ಸಿಲ್ವರ್ ಜುಬಿಲಿ ಗ್ರಾಮೀಣ ತರಬೇತಿ ಕಾಲೇಜು ಸಾತಾರದಲ್ಲಿ ಆರಂಭವಾದದ್ದು 1935ರಲ್ಲಿ. ನಡುವಿನ ಹನ್ನೊಂದು ವರ್ಷಗಳಿಗೆ ಅರ್ಥವಿದೆ. ಅಂದಿನ ಮುಂಬಯಿ ಪ್ರಾಂತದಲ್ಲಿ ಶಿಕ್ಷಕನಾಗಬಯಸುವವನು ಮೊದಲು ದೇಶಭಾಷೆಯ ಅಂತಿಮ ಪರೀಕ್ಷೆಯನ್ನು ದಾಟಬೇಕಿತ್ತು. ಅನ್ನವಿಲ್ಲದೆ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ ಹುಡುಗನಿಗೆ ತರಬೇತಿ ಕಾಲೇಜಿನ ವಿದ್ಯಾರ್ಥಿವೇತನ ಎಷ್ಟೇ ಉದಾರವಾಗಿದ್ದರೂ ಎಟುಕದ ಫಲ. ಆದುದರಿಂದ ಮೊದಲು ಅನ್ನ ಮತ್ತು ನೆಲೆ, ಅನಂತರ ಶಾಲೆ, ಅದಾದ ಮೇಲೆ ಅಧ್ಯಾಪನದ ಶಿಕ್ಷಣ ಎಂಬ ಕ್ರಮ ಇಲ್ಲಿ ರೂಪುಗೊಂಡಿತು. ಸಂಸ್ಥೆ ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದಾಗ ಈ ಸಿದ್ಧತೆ ಫಲ ಕೊಟ್ಟಿತು. 1955ರಲ್ಲಿ ಆಜಾದ್ ಶಿಕ್ಷಣ ಮಹಾವಿದ್ಯಾಲಯವೂ ಸೇರಿ, ಪ್ರೌಢಶಾಲೆಯ ಅಧ್ಯಾಪಕರವರೆಗೆ ಆ ಏಣಿ ಬೆಳೆಯಿತು. ಸಂಸ್ಥೆಯ ನೆರವಿನಿಂದ ಓದಿ ಬ್ಯಾರಿಸ್ಟರ್ ಆದ ಪಿ. ಜಿ. ಪಾಟೀಲರು ಅಲ್ಲಿಗೇ ಮರಳಿ ದುಡಿದರು. ಮುಂದೆ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಈ ಮಾದರಿಯನ್ನು ಕುರಿತು ಒಂದು ಆಕ್ಷೇಪ ಸಹಜವಾದುದು. ಉಳ್ಳವರ ಮಕ್ಕಳು ಓದಿಗೆ ಮಾತ್ರ ಸಮಯ ಕೊಡುವಾಗ, ಇಲ್ಲದವರ ಮಕ್ಕಳು ಏಕೆ ಬೆವರು ಸುರಿಸಿ ವಿದ್ಯೆಯನ್ನು ಗಳಿಸಬೇಕು? ಸಾತಾರದ ಸಂದರ್ಭದಲ್ಲಿ ದುಡಿಮೆಗೆ ಬೇರೊಂದು ಗುಣವೂ ಇತ್ತು: ಜಾತಿಗೊಂದು ಕಸುಬನ್ನು ಕಟ್ಟಿದ ಸಮಾಜದಲ್ಲಿ ಎಲ್ಲ ಜಾತಿಯವರೂ ಒಂದೇ ಗುದ್ದಲಿ ಹಿಡಿದದ್ದು ಸ್ವತಃ ಒಂದು ಪಾಠ. ಆದರೆ ಆ ಸ್ವಾವಲಂಬನೆಯನ್ನು ಇಂದು ಸರ್ಕಾರಗಳ ಜವಾಬ್ದಾರಿಯನ್ನು ಕಡಿತಗೊಳಿಸಲು ನೆಪವಾಗಿಸಿದರೆ ಅದು ಭಾವೂರಾವರಿಗೆ ಮಾಡುವ ಅನ್ಯಾಯ. 1940ರಲ್ಲಿ ಅವರು ಸಾತಾರದಲ್ಲಿ ಸ್ಥಾಪಿಸಿದ ಮಹಾರಾಜಾ ಸಯಾಜಿರಾವ್ ಪ್ರೌಢಶಾಲೆ ಉಚಿತ ವಸತಿಶಾಲೆಯಾಗಿತ್ತೆಂಬುದನ್ನು ಮರೆಯಲಾಗದು.

1959ರಲ್ಲಿ ಪದ್ಮಭೂಷಣ ಬಂದ ವರ್ಷವೇ, ಮೇ 9ರಂದು ಅವರು ತೀರಿಕೊಂಡರು. ಅಂಚಿನ ಸಮುದಾಯದಿಂದ ಬಂದ ಅಧ್ಯಾಪಕ ತನ್ನೊಬ್ಬನ ಬದುಕನ್ನಷ್ಟೇ ಕಟ್ಟಿಕೊಳ್ಳುವುದಿಲ್ಲ; ಹಿಂದಿನ ಬೆಂಚಿನಲ್ಲಿ ಹೆದರಿ ಕುಳಿತ ಮಗುವಿಗೆ ಕಪ್ಪುಹಲಗೆಯ ಮುಂದಿನ ಜಾಗ ತನಗೂ ಸಲ್ಲುತ್ತದೆ ಎಂಬ ಅಭಯ ಅವನಿಂದ ದೊರೆಯುತ್ತದೆ. ಶಿಕ್ಷಕ ವಿದ್ಯಾರ್ಥಿಗಳ ವೇತನವನ್ನು ಲೆಕ್ಕಪತ್ರದ ಒಂದು ಸಾಲೆಂದು ಕಾಣುವವರು ಈ ಚರಿತ್ರೆಯನ್ನು ಓದಬೇಕು. ಆಹಾರ, ಅಭಯ, ಶಾಸ್ತ್ರ ಎಂಬ ಮೂರು ದಾನಗಳು ಅಲ್ಲಿ ಒಂದೇ ಆಗಿ ಸೇರಿವೆ. ಒಂದನ್ನು ಕಡಿದರೆ ಉಳಿದೆರಡೂ ನಿಲ್ಲವು.