ಹಳತಾದ ವರದಿಯ ಬೆಲೆ: ಕಂಪನಿಗಳ ಅಧ್ಯಯನವೂ ವಿಶ್ವವಿದ್ಯಾಲಯದ ಗ್ರಂಥಾಲಯವೂ

ಕಂಪನಿಯೊಂದರ ಕಳೆದ ವರ್ಷದ ವಾರ್ಷಿಕ ವರದಿಯು ಹೊಸ ವರದಿ ಹೊರಬಿದ್ದ ದಿನವೇ ಷೇರುಪೇಟೆಯ ಪಾಲಿಗೆ ರದ್ದಿಯಾಗುತ್ತದೆ; ಅದೇ ವರದಿಯು ಮೂವತ್ತು ನಲವತ್ತು ವರ್ಷಗಳ ಸಾಲಿನಲ್ಲಿ ತನ್ನ ಸ್ಥಾನವನ್ನು ಬಿಡದೆ ಉಳಿದುಕೊಂಡರೆ ಇತಿಹಾಸಕಾರನಿಗೆ ಆಕರವಾಗುತ್ತದೆ. ಕಂಪನಿಗಳನ್ನೂ ಕೈಗಾರಿಕೆಗಳನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಅಭ್ಯಸಿಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದ್ದು, ಅದು ನೆಲೆಗೊಳ್ಳಲು ಮೂರು ಶಕ್ತಿಗಳು ಕೂಡಿಬರಬೇಕಾಯಿತು: ಲೆಕ್ಕವನ್ನು ಬಹಿರಂಗಪಡಿಸುವಂತೆ ಕಂಪನಿಗಳನ್ನು ಕಟ್ಟಿಹಾಕಿದ ಕಾನೂನು, ಆ ಲೆಕ್ಕಗಳನ್ನು ಒಟ್ಟುಗೂಡಿಸಿ ಮಾರಿದ ಪ್ರಕಾಶಕ, ಮಾರಾಟದ ಕಾಲ ಮುಗಿದ ಮೇಲೂ ಅವುಗಳನ್ನು ಕಾಯ್ದಿಟ್ಟ ಗ್ರಂಥಪಾಲಕ. ಮೊದಲಿನ ಇಬ್ಬರಿಗೆ ಬೇಕಾದದ್ದು ಇಂದಿನ ಮಾಹಿತಿ. ಹಳತರ ಹೊಣೆ ಮೂರನೆಯವನ ಪಾಲಿಗೆ ಬಂದಿತು.

ಕಾನೂನಿನ ಕಥೆ ಬ್ರಿಟನ್ನಿನಲ್ಲಿ ಆರಂಭವಾಗುತ್ತದೆ. 1844ರ ಜಂಟಿ ಬಂಡವಾಳ ಕಂಪನಿ ಕಾಯಿದೆಯು ಕಂಪನಿಗಳ ನೋಂದಣಿಗೆ ಒಬ್ಬ ರಿಜಿಸ್ಟ್ರಾರನನ್ನು ನೇಮಿಸಿ, ಅವು ತಮ್ಮ ಆಸ್ತಿ-ಜವಾಬ್ದಾರಿ ಪಟ್ಟಿಯನ್ನು, ಅಂದರೆ ಒಂದು ಗೊತ್ತಾದ ದಿನದಂದು ತಮಗಿರುವ ಸ್ವತ್ತೆಷ್ಟು ಸಾಲವೆಷ್ಟು ಎಂಬ ಲೆಕ್ಕವನ್ನು, ಅವನಲ್ಲಿ ಸಲ್ಲಿಸಬೇಕೆಂದು ವಿಧಿಸಿತು. 1855ರಲ್ಲಿ ಸೀಮಿತ ಹೊಣೆಗಾರಿಕೆಯ ತತ್ವ ಅಂಗೀಕೃತವಾಗಿ, ಕಂಪನಿ ಮುಳುಗಿದರೂ ಷೇರುದಾರನ ನಷ್ಟ ಅವನು ಕೊಳ್ಳಲೊಪ್ಪಿದ ಷೇರಿನ ಹಣವನ್ನು ಮೀರುವುದಿಲ್ಲವೆಂಬ ರಕ್ಷಣೆ ದೊರೆಯಿತು. ಆದರೆ ಮರುವರ್ಷದ ಕಾಯಿದೆಯು ಲೆಕ್ಕ ಸಲ್ಲಿಸುವ ಕಡ್ಡಾಯವನ್ನೇ ಕೈಬಿಟ್ಟುದರಿಂದ, ಅದು ಮರಳಿ ಬರಲು 1907ರವರೆಗೆ ಕಾಯಬೇಕಾಯಿತು. ಈ ಅರ್ಧ ಶತಮಾನದ ಬ್ರಿಟಿಷ್ ಕಂಪನಿಗಳನ್ನು ಅಭ್ಯಸಿಸುವವರಿಗೆ ರಿಜಿಸ್ಟ್ರಾರನ ಕಡತಗಳಲ್ಲಿ ಷೇರುದಾರರ ಹೆಸರುಗಳು ಧಾರಾಳವಾಗಿ ಸಿಕ್ಕಿ, ಹಣಕಾಸಿನ ಲೆಕ್ಕ ಅಪರೂಪವಾಗುವುದಕ್ಕೆ ಇದೇ ಕಾರಣ. ಭಾರತದಲ್ಲಿ 1850ರಲ್ಲಿ ಕಂಪನಿ ನೋಂದಣಿಯ ಕಾಯಿದೆಯೂ 1857ರಲ್ಲಿ ಸೀಮಿತ ಹೊಣೆಗಾರಿಕೆಯೂ ಜಾರಿಗೆ ಬಂದವು. 1956ರ ಕಾಯಿದೆಯು ಆಸ್ತಿ-ಜವಾಬ್ದಾರಿ ಪಟ್ಟಿಗೆ ಏಕರೂಪದ ನಮೂನೆಯನ್ನು ಗೊತ್ತುಪಡಿಸಿದ್ದಲ್ಲದೆ, ಶುಲ್ಕ ತೆತ್ತ ಯಾರಾದರೂ ರಿಜಿಸ್ಟ್ರಾರ್ ಕಚೇರಿಯ ಕಡತಗಳನ್ನು ನೋಡಬಹುದೆಂಬ ಹಕ್ಕನ್ನೂ ನೀಡಿತು.

ಕಚೇರಿಯ ಕಡತವನ್ನು ಕೈಗೆಟಕುವ ಪುಸ್ತಕವಾಗಿಸಿದವರು ಪ್ರಕಾಶಕರು. ಅಮೆರಿಕದಲ್ಲಿ ರೈಲು ಕಂಪನಿಗಳು ದೂರದೂರದ ಹೂಡಿಕೆದಾರರಿಂದ ಹಣ ಎತ್ತತೊಡಗಿದಾಗ, ಹೆನ್ರಿ ವಾರ್ನಮ್ ಪೂರ್ ಎಂಬ ಪತ್ರಿಕಾ ಸಂಪಾದಕನು ತನ್ನ ಮಗನೊಡಗೂಡಿ 1868ರಲ್ಲಿ ಆ ಕಂಪನಿಗಳ ಕೈಪಿಡಿಯೊಂದನ್ನು ಪ್ರಕಟಿಸಿದನು. ಲಂಡನ್ನಿನಲ್ಲಿ 1875ರಿಂದ ಸ್ಟಾಕ್ ಎಕ್ಸ್‌ಚೇಂಜ್ ಇಯರ್‌ಬುಕ್ ಹೊರಬರತೊಡಗಿತು. 1900ರಲ್ಲಿ ಜಾನ್ ಮೂಡಿಯ ಕೈಪಿಡಿ ಕೈಗಾರಿಕಾ ಕಂಪನಿಗಳನ್ನೂ ಒಳಗೊಂಡಿತು. ಇವುಗಳ ಉಪಯುಕ್ತತೆ ಇದ್ದದ್ದು ಏಕರೂಪತೆಯಲ್ಲಿ: ಪ್ರತಿ ಕಂಪನಿಗೂ ಬಂಡವಾಳ, ಸಾಲ, ಲಾಭಾಂಶ, ನಿರ್ದೇಶಕರು ಎಂಬ ಅವೇ ಬಾಬತ್ತುಗಳು ಬರುತ್ತಿದ್ದುದರಿಂದ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗುವುದು ಮೊದಲ ಬಾರಿಗೆ ಸುಲಭಸಾಧ್ಯವಾಯಿತು.

ಇದಕ್ಕಿಂತ ಗುಪ್ತವಾದ ಇನ್ನೊಂದು ವ್ಯವಹಾರವೂ ಇತ್ತು. 1837ರ ಆರ್ಥಿಕ ಕುಸಿತದಲ್ಲಿ ಪೆಟ್ಟು ತಿಂದ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್, ಯಾರಿಗೆ ಉದ್ದರಿ ಕೊಟ್ಟರೆ ಹಣ ಮರಳಿ ಬಂದೀತು ಎಂಬ ಪ್ರಶ್ನೆಗೇ ಬೆಲೆ ಕಟ್ಟಿ 1841ರಲ್ಲಿ ಮರ್ಕೆಂಟೈಲ್ ಏಜೆನ್ಸಿಯನ್ನು ತೆರೆದನು. ಊರೂರಿನ ವಕೀಲರು ಮತ್ತಿತರ ಬಾತ್ಮೀದಾರರು ಅಲ್ಲಿನ ಅಂಗಡಿಕಾರರ ನಡತೆ, ಆಸ್ತಿ, ಸಾಲ, ವ್ಯವಹಾರದ ಚಾತುರ್ಯಗಳನ್ನು ಕುರಿತು ಬರೆದು ಕಳಿಸುತ್ತಿದ್ದುದನ್ನು ಗುಮಾಸ್ತರು ದಪ್ಪ ಲೆಡ್ಜರುಗಳಲ್ಲಿ ಸಂಕ್ಷಿಪ್ತಾಕ್ಷರಗಳಲ್ಲಿ ಒತ್ತೊತ್ತಾಗಿ ನಕಲು ಮಾಡುತ್ತಿದ್ದರು. ಒಬ್ಬ ವ್ಯಾಪಾರಿಯ ಬಗೆಗಿನ ಟಿಪ್ಪಣಿ ವರ್ಷಾನುವರ್ಷ ಅದೇ ಪುಟದಲ್ಲಿ ಬೆಳೆದು, ಜಾಗ ಮುಗಿದಾಗ ಮುಂದಿನ ಪುಟದ ಸಂಖ್ಯೆಯನ್ನು ಸೂಚಿಸಿ ಬೇರೆಡೆಗೆ ಹರಿಯುತ್ತಿತ್ತು. ಮುಂದೆ ಆರ್. ಜಿ. ಡನ್ ಹೆಸರಿನಲ್ಲಿ ನಡೆದ ಈ ಸಂಸ್ಥೆಯ 2,500ಕ್ಕೂ ಹೆಚ್ಚು ಲೆಡ್ಜರುಗಳು ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿವೆ. ಚಂದಾದಾರರ ಕಿವಿಗಷ್ಟೇ ಮೀಸಲಾಗಿದ್ದ ಈ ಟಿಪ್ಪಣಿಗಳು, ತಮ್ಮದೇ ದಾಖಲೆಗಳನ್ನು ಬಿಟ್ಟುಹೋಗದ ಹಳ್ಳಿಯ ಕಮ್ಮಾರ, ಟೋಪಿ ಹೊಲಿಯುವ ಹೆಂಗಸು, ಸಣ್ಣ ದಿನಸಿ ವ್ಯಾಪಾರಿ ಮೊದಲಾದವರ ಇತಿಹಾಸವನ್ನು ಬರೆಯಲು ಆಧಾರವಾದವು.

ಇಂತಹ ಕಾಗದಗಳು ಗ್ರಂಥಾಲಯದ ಸ್ವತ್ತು ಎಂಬ ಭಾವನೆ ಮೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ನ್ಯೂವಾರ್ಕ್ ನಗರದ ಗ್ರಂಥಪಾಲಕ ಜಾನ್ ಕಾಟನ್ ಡಾನಾ 1904ರಲ್ಲಿ ವ್ಯಾಪಾರಿಗಳಿಗೆಂದೇ ಒಂದು ಶಾಖೆಯನ್ನು ತೆರೆದನು. ಅಲ್ಲಿ ಕೈಪಿಡಿ, ನಕಾಶೆ, ಬೆಲೆಪಟ್ಟಿಗಳು ಬಳಕೆಗಾಗಿ ಇದ್ದವು, ಬಳಕೆ ತೀರಿದ ಮೇಲೆ ಅವುಗಳಿಗೆ ಜಾಗವಿರಲಿಲ್ಲ. 1908ರಲ್ಲಿ ಆರಂಭವಾದ ಹಾರ್ವರ್ಡಿನ ವಾಣಿಜ್ಯ ಶಾಲೆಯ ಸುತ್ತ ಬೆಳೆದ ಧೋರಣೆ ಬೇರೆಯಾಗಿತ್ತು. 1925ರಲ್ಲಿ ವ್ಯಾಪಾರ ಇತಿಹಾಸದ ಸಂಘವೊಂದು ಹುಟ್ಟಿ ಹಳೆಯ ಕಂಪನಿಗಳ ಲೆಕ್ಕದ ಪುಸ್ತಕಗಳನ್ನು ಸಂಗ್ರಹಿಸತೊಡಗಿತು; 1927ರಲ್ಲಿ ಬೇಕರ್ ಗ್ರಂಥಾಲಯದ ಕಟ್ಟಡ ಸಿದ್ಧವಾಯಿತು; ಅದೇ ವರ್ಷ ಎನ್. ಎಸ್. ಬಿ. ಗ್ರಾಸ್ ಅಲ್ಲಿ ವ್ಯಾಪಾರ ಇತಿಹಾಸದ ಪ್ರಾಧ್ಯಾಪಕರಾದರು. ಓದುಗ, ಸಂಗ್ರಹ, ವಿಷಯ ಮೂರೂ ಒಂದೇ ಸೂರಿನಡಿ ಸೇರಿದ್ದು ಹೀಗೆ.

ಗ್ರಂಥಾಲಯವು ಸಂಗ್ರಹದೊಂದಿಗೆ ಓದುವ ಕ್ರಮವನ್ನೂ ಕೊಟ್ಟಿತು. ಕಂಪನಿ ತನ್ನನ್ನು ಹೆಸರಿನಿಂದ ಗುರುತಿಸಿಕೊಂಡರೆ ಗ್ರಂಥಾಲಯ ಅದನ್ನು ಉದ್ಯಮದಿಂದ ಗುರುತಿಸುತ್ತದೆ: ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ 338 ಎಂಬುದು ಉತ್ಪಾದನೆ ಮತ್ತು ಕೈಗಾರಿಕೆಗಳ ಸಂಖ್ಯೆಯಾದ್ದರಿಂದ, ಒಂದು ಗಣಿ ಕಂಪನಿಯ ಚರಿತ್ರೆಯನ್ನು ಹುಡುಕಿ ಹೋದವನ ಕಣ್ಣಿಗೆ ಗಣಿ ಉದ್ಯಮದ ನೆರೆಹೊರೆಯೂ ಬೀಳುತ್ತದೆ. 1930ರ ದಶಕದ ಕೊನೆಗೆ ಅಮೆರಿಕ ಸರ್ಕಾರವು ಪ್ರತಿ ಉದ್ಯಮಕ್ಕೂ ಒಂದೊಂದು ಸಂಕೇತಾಂಕವನ್ನು ಗೊತ್ತುಪಡಿಸಿತು; ಇಂತಹದೇ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ ಭಾರತದಲ್ಲೂ ಬಳಕೆಗೆ ಬಂದಿತು. ಮೊದಲು ಉದ್ಯಮ, ಬಳಿಕ ಅದರೊಳಗಿನ ಪ್ರತಿಸ್ಪರ್ಧಿಗಳು, ಕೊನೆಗೆ ಕಂಪನಿ ಎಂದು ಇಂದಿಗೂ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮದ ಹಿಂದೆ ಈ ವರ್ಗೀಕರಣಗಳ ತರ್ಕವಿದೆ.

ಕಂಪನಿಯನ್ನು ಅದರದೇ ಕಾಗದಗಳ ಆಚೆಗೂ ಹುಡುಕುವ ಅಗತ್ಯ ಕೋಲಾರದ ಚಿನ್ನದ ಗಣಿಗಳ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಹೆಸರಿನಲ್ಲಿ ಮೈಸೂರು ಇದ್ದರೂ ಅದು 1880ರಲ್ಲಿ ನೋಂದಣಿಯಾದದ್ದು ಲಂಡನ್ನಿನಲ್ಲಿ. ಅದನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೂ ಅಲ್ಲಿನದೇ. ಇದರಿಂದಾಗಿ ಇಂತಹ ಕಂಪನಿಗಳ ಕಾಗದಪತ್ರಗಳು ಎರಡು ಖಂಡಗಳಲ್ಲಿ ಹಂಚಿಹೋಗಿವೆ. ಬ್ರಿಟನ್ನಿನ ವಿಸರ್ಜಿತ ಕಂಪನಿಗಳ ಕಡತಗಳು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಬಿ.ಟಿ. 31 ಎಂಬ ಸರಣಿಯಲ್ಲಿವೆ. ಷೇರುದಾರನ ಹೆಸರಿನ ಮುಂದೆ ವಿಳಾಸವನ್ನೂ ಕಸುಬನ್ನೂ ಬರೆಯಬೇಕೆಂದು ಕಾನೂನು ವಿಧಿಸಿದ್ದುದರಿಂದ, ಹಣ ಹೂಡಿದವರು ಯಾವ ವರ್ಗದವರೆಂಬುದು ಅವುಗಳಿಂದ ತಿಳಿಯುತ್ತದೆ. ಬಂಡವಾಳ ಮತ್ತು ಲಾಭಾಂಶದ ಏರಿಳಿತಕ್ಕೆ ಇಯರ್‌ಬುಕ್ಕಿನ ಸಾಲು ಸಂಪುಟಗಳನ್ನು ನೋಡಬೇಕು. ಆದರೆ ಗಣಿಯಿಂದ ಮೈಸೂರು ಸಂಸ್ಥಾನಕ್ಕೆ ಸಂದ ರಾಜಧನ, ಅಂದರೆ ತೆಗೆದ ಖನಿಜಕ್ಕೆ ಪ್ರತಿಯಾಗಿ ನೆಲದ ಒಡೆಯನಿಗೆ ಸಲ್ಲುವ ಪಾಲು, ಕೆಲಸಗಾರರ ಸಂಖ್ಯೆ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು ಮುಂತಾದವುಗಳಿಗೆ ಮೈಸೂರು ಸರ್ಕಾರದ ಆಡಳಿತ ವರದಿಗಳನ್ನೇ ತೆರೆಯಬೇಕಾಗುತ್ತದೆ. ಷೇರುದಾರರಿಗೆಂದು ಬರೆದ ಲೆಕ್ಕದಲ್ಲಿ ಕೂಲಿಯವನು ಮುಖ್ಯವಾಗಿ ಒಂದು ಖರ್ಚಿನ ಬಾಬತ್ತು. ಅವನ ಬದುಕಿನ ಸುಳಿವು ಸಿಗಬೇಕಾದರೆ ಬೇರೆ ಕಪಾಟಿಗೆ ಹೋಗಬೇಕು. ಕಂಪನಿಯ ಮಾತನ್ನು ಕಂಪನಿಯದಲ್ಲದ ಕಾಗದದೊಂದಿಗೆ ತಾಳೆ ನೋಡುವ ಈ ಅಭ್ಯಾಸ ಸಾಧ್ಯವಾಗುವುದು ಎರಡೂ ಬಗೆಯ ಸಂಪುಟಗಳು ಓದುಗನ ಮೇಜಿನ ಮೇಲೆ ಒಟ್ಟಿಗೆ ಕೂಡಿದಾಗ.

ಸ್ವತಂತ್ರ ಭಾರತದಲ್ಲಿ ಈ ಅಧ್ಯಯನಕ್ಕೆ ನೆಲೆ ಒದಗಿಸಿದವು 1961ರಲ್ಲಿ ಅಹಮದಾಬಾದಿನಲ್ಲೂ 1973ರಲ್ಲಿ ಬೆಂಗಳೂರಿನಲ್ಲೂ ಸ್ಥಾಪನೆಯಾದ ಭಾರತೀಯ ನಿರ್ವಹಣಾ ಸಂಸ್ಥೆಗಳಂತಹ ವಿದ್ಯಾಕೇಂದ್ರಗಳು. ಅಹಮದಾಬಾದಿನಲ್ಲಿ ದ್ವಿಜೇಂದ್ರ ತ್ರಿಪಾಠಿಯವರು ವ್ಯಾಪಾರ ಇತಿಹಾಸವನ್ನು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದರು. ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನಾ ಮತ್ತು ತರಬೇತಿ ಕೇಂದ್ರವು, ಪುಸ್ತಕಕ್ಕಿಂತ ಕಿರಿದಾದ ಲೇಖನ, ವರದಿಗಳೊಳಗಿನ ವಿಷಯವನ್ನೂ ವರ್ಗೀಕರಿಸಿ ಬೇಕಾದವರಿಗೆ ಮುಟ್ಟಿಸುವ ಪ್ರಲೇಖನವೆಂಬ ವಿದ್ಯೆಯಲ್ಲಿ ಗ್ರಂಥಪಾಲಕರನ್ನು ತಯಾರು ಮಾಡಿತು. ಮುಂಬಯಿಯಲ್ಲಿ 1976ರಲ್ಲಿ ನರೋತ್ತಮ ಶಾ ಸ್ಥಾಪಿಸಿದ ಸಿ.ಎಂ.ಐ.ಇ. ಸಂಸ್ಥೆಯು ವಾರ್ಷಿಕ ವರದಿಗಳ ಅಂಕಿಗಳನ್ನು ಹೆಕ್ಕಿ ಪ್ರೊವೆಸ್ ಎಂಬ ದತ್ತಾಂಶ ಸಂಚಯವನ್ನು ಕಟ್ಟಿತು. ಪೂರ್ ತನ್ನ ಕೈಪಿಡಿಯಲ್ಲಿ ಮಾಡಿದ ಕೆಲಸವನ್ನು ಗಣಕಯಂತ್ರದಲ್ಲಿ ಮಾಡಿದಂತಾಯಿತು.

ಅಮೆರಿಕದ ಕಂಪನಿಗಳು 1990ರ ದಶಕದಲ್ಲಿ ಎಡ್ಗರ್ ವ್ಯವಸ್ಥೆಯ ಮೂಲಕವೂ ಭಾರತದ ಕಂಪನಿಗಳು 2006ರಿಂದ ಎಂ.ಸಿ.ಎ.-21ರ ಮೂಲಕವೂ ತಮ್ಮ ದಾಖಲೆಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸತೊಡಗಿದ ಮೇಲೆ, ಕಾನೂನು ಮತ್ತು ಪ್ರಕಾಶಕರ ಕೆಲಸಗಳು ಹಿಂದೆಂದೂ ಇಲ್ಲದಷ್ಟು ಚುರುಕಾಗಿವೆ. ಮೂರನೆಯ ಶಕ್ತಿಯ ಸ್ಥಿತಿ ಮಾತ್ರ ಬದಲಾಗಿದೆ: ಹಿಂದೆ ಕೈಪಿಡಿಯನ್ನು ಕೊಂಡ ಗ್ರಂಥಾಲಯ ಅದರ ಒಡೆಯನಾಗುತ್ತಿತ್ತು, ದತ್ತಾಂಶ ಸಂಚಯಕ್ಕೆ ಚಂದಾ ಕಟ್ಟುವ ಗ್ರಂಥಾಲಯ ಬಹುಮಟ್ಟಿಗೆ ಬಾಡಿಗೆದಾರನಾಗಿದ್ದು, ಚಂದಾ ನಿಂತರೆ ಹೊಸ ವರ್ಷದೊಂದಿಗೆ ಹಳೆಯ ವರ್ಷಗಳ ಬಾಗಿಲೂ ಮುಚ್ಚಬಹುದು. 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಕೆಲಸ ನಿಲ್ಲಿಸಿದವು. ಅವುಗಳನ್ನು ತೆರೆದ ಲಂಡನ್ನಿನ ಕಂಪನಿಗಳ ಷೇರುಗಳಿಗೆ ಯಾವ ಪೇಟೆಯಲ್ಲೂ ಇಂದು ಬೆಲೆಯಿಲ್ಲ. ಅವುಗಳ ಲಾಭಾಂಶವನ್ನು ಇಂದಿಗೂ ಇಯರ್‌ಬುಕ್ಕಿನಲ್ಲಿ ನೋಡಿ, ಅದೇ ವರ್ಷದ ಮೈಸೂರಿನ ರಾಜಧನದೊಂದಿಗೆ ತಾಳೆ ಹಾಕಬಹುದಾಗಿದ್ದರೆ, ಅದಕ್ಕೆ ಕಾರಣ ಓದುವವರಿಲ್ಲದ ದಶಕಗಳಲ್ಲೂ ಆ ಸಂಪುಟಗಳನ್ನು ಕಪಾಟಿನಿಂದ ಕೆಳಗಿಳಿಸದೆ ಬಿಟ್ಟ ಗ್ರಂಥಪಾಲಕರು.