ಕೀಲಿ ಮತ್ತು ಕಾಲಂ: ವೆಬ್ ಎಪಿಐಗಳು ಬೆಳೆದು ಬಂದ ದಾರಿ

ಹರಪನಹಳ್ಳಿ ತಾಲ್ಲೂಕಿನ ಯಾವುದೇ ಹೊಲವನ್ನು ತೆಗೆದುಕೊಳ್ಳಿ. ಬದು ಒಂದು ಗೇಣೂ ಕದಲದೆ ಅದು ಕಾಲು ಶತಮಾನದೊಳಗೆ ಮೂರು ಸಲ ಜಿಲ್ಲೆ ಬದಲಿಸಿದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು. 2018ರ ಸರ್ಕಾರದ ತೀರ್ಮಾನದಂತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೂಡ್ಲಿಗಿ ತಾಲ್ಲೂಕಿನ ಹೋಬಳಿಯಾಗಿದ್ದ ಕೊಟ್ಟೂರು 2018ರಲ್ಲಿ ತಾನೇ ತಾಲ್ಲೂಕಾಯಿತು. ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ವಿಳಾಸದಲ್ಲಿ ಬಳ್ಳಾರಿ ಇದ್ದ ಜಾಗಕ್ಕೆ ವಿಜಯನಗರ ಬಂತು. ನೆಲ ಇದ್ದಲ್ಲೇ ಇದೆ. ಅದರ ಪಹಣಿಯನ್ನು ತಿದ್ದುವ ಅಧಿಕಾರ ಯಾರಿಗೆ, ಆ ಪಹಣಿ ಯಾವ ರೂಪದಲ್ಲಿ ಹೊರಗೆ ಬರಬೇಕು ಎಂಬ ಎರಡು ಸಂಗತಿಗಳಷ್ಟೇ ಬದಲಾದವು. ಒಂದು ಪ್ರೋಗ್ರಾಮ್ ಮತ್ತೊಂದರಿಂದ ಅಂತರ್ಜಾಲದ ಮೂಲಕ ಮಾಹಿತಿ ಕೇಳಿ ಪಡೆಯುವ ದಾರಿಯಾದ ವೆಬ್ ಎಪಿಐ ಕಟ್ಟುವವರು ಮೊದಲನೆಯದನ್ನು ಪರ್ಮಿಷನ್ ಅಥವಾ ಅನುಮತಿ ಎನ್ನುತ್ತಾರೆ. ಎರಡನೆಯದು ಸೀರಿಯಲೈಸೇಷನ್; ಡೇಟಾಬೇಸಿನ ಒಳಗಿನ ಮಾಹಿತಿಯನ್ನು ಮತ್ತೊಂದು ಯಂತ್ರ ಓದಬಲ್ಲ ಪಠ್ಯವಾಗಿ ಜೋಡಿಸಿ ಕಳಿಸುವ, ಹಾಗೆ ಬಂದದ್ದನ್ನು ಮತ್ತೆ ಒಳಗಿಳಿಸಿಕೊಳ್ಳುವ ಕೆಲಸ. ಇವೆರಡನ್ನೂ ಬೇರೆಬೇರೆ ಕಸುಬುಗಳೆಂದು ನಡೆಸಿಕೊಂಡಲ್ಲೆಲ್ಲ ಪೆಟ್ಟು ಬಿದ್ದಿದೆ. ಇವು ಒಂದೇ ತೀರ್ಮಾನದ ಎರಡು ಮುಖ ಎಂಬ ಅರಿವಿನ ಕಡೆಗೆ ಈ ಕ್ಷೇತ್ರ ನಡೆದು ಬಂದಿದೆ ಎಂಬುದು ನನ್ನ ವಾದ.

ಕಂಪ್ಯೂಟರ್ ಬರುವ ಮೊದಲೇ ಪಹಣಿ ಈ ಪಾಠವನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಪಹಣಿಯ ನಮೂನೆ 16ರ ಒಂಬತ್ತನೇ ಕಾಲಮ್ಮಿನಲ್ಲಿ ಖಾತೆದಾರರ ಹೆಸರು, ಹನ್ನೊಂದರಲ್ಲಿ ಸಾಲದ ಬೋಜಾ ಮತ್ತಿತರ ಹಕ್ಕುಗಳು, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಯಾವ ಸಂಗತಿ ಎಲ್ಲಿ, ಯಾವ ಕ್ರಮದಲ್ಲಿ ಎಂಬುದು ಮೊದಲೇ ಗೊತ್ತಿರುವ ಒಪ್ಪಂದ ಅದು. ಆದರೆ ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿರುವವರೆಗೂ ತೋರಿಸುವ ಅಧಿಕಾರ, ತಿದ್ದುವ ಅಧಿಕಾರ, ಬರೆಯುವ ರೀತಿ ಎಲ್ಲವೂ ಒಬ್ಬರದೇ ಆಗಿದ್ದವು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದು, ಈ ಶತಮಾನದ ಆರಂಭದ ಹೊತ್ತಿಗೆ ಆಗಿದ್ದ 177 ತಾಲ್ಲೂಕುಗಳಲ್ಲೂ ಕಿಯಾಸ್ಕ್ ತೆರೆದು, 15 ರೂಪಾಯಿಗೆ ಪ್ರತಿ ಕೊಡತೊಡಗಿತು. ಅದರ ವಿನ್ಯಾಸದಲ್ಲಿ ಗಮನಿಸಬೇಕಾದದ್ದು ಎರಡು. ಖಾತೆ ಬದಲಾವಣೆ ಅಥವಾ ಮ್ಯುಟೇಷನ್‌ಗೆ ಒಪ್ಪಿಗೆ ಕೊಡುವ ನೌಕರ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು, ಹಾಗಾಗಿ ಯಾರು ತಿದ್ದಿದರೆಂಬುದು ಅಳಿಸಲಾಗದಂತೆ ಉಳಿಯುತ್ತಿತ್ತು. ಕಿಯಾಸ್ಕಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇತ್ತು, ಹಾಗಾಗಿ ಮುದ್ರಣವಾಗುವ ಕಾಲಂಗಳು ಅವನ ಕಣ್ಣೆದುರೇ ಮೂಡುತ್ತಿದ್ದವು. ಕೀಲಿಯನ್ನೂ ಕಾಲಮ್ಮನ್ನೂ ಒಟ್ಟಿಗೆ ಯೋಚಿಸಿದ ವ್ಯವಸ್ಥೆ ಅದು.

ಅದೇ ಕಾಲಕ್ಕೆ ಹೊರಜಗತ್ತಿನಲ್ಲಿ ಇವೆರಡೂ ಬೇರೆಬೇರೆ ದಾರಿ ಹಿಡಿದಿದ್ದವು. ಮಾಹಿತಿಯ ರೂಪದ ದಾರಿಯಲ್ಲಿ 1998ರಲ್ಲಿ ಎಕ್ಸ್‌ಎಂಎಲ್ ಬಂತು. 2000ದಲ್ಲಿ ರಾಯ್ ಫೀಲ್ಡಿಂಗ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವೆಬ್ ವ್ಯವಸ್ಥೆಗಳನ್ನು ಕಟ್ಟುವ 'ರೆಸ್ಟ್' ಎಂಬ ಶೈಲಿಯನ್ನು ವಿವರಿಸಿದರು. ಡಗ್ಲಸ್ ಕ್ರಾಕ್‌ಫರ್ಡ್ ಪ್ರಚುರಪಡಿಸಿದ ಹಗುರವಾದ ಜೇಸನ್ 2006ರ ಹೊತ್ತಿಗೆ ಲಿಖಿತ ನಿರೂಪಣೆ ಪಡೆದು, ಕೆಲವೇ ವರ್ಷಗಳಲ್ಲಿ ಎಕ್ಸ್‌ಎಂಎಲ್ಲಿನ ಜಾಗ ಹಿಡಿಯಿತು. ಅನುಮತಿಯ ದಾರಿಯಲ್ಲಿ ಪಾಸ್‌ವರ್ಡನ್ನು ಮೂರನೆಯವರಿಗೆ ಒಪ್ಪಿಸದೆ ಸೀಮಿತ ಅಧಿಕಾರವನ್ನಷ್ಟೇ ಕೊಡುವ ಓಆಥ್ ಹುಟ್ಟಿತು. ಅದರ ಎರಡನೇ ಆವೃತ್ತಿ 2012ರಲ್ಲಿ ಮಾನದಂಡವಾಯಿತು. ಈ ಎರಡು ದಾರಿಗಳನ್ನು ಒಂದೇ ಕಟ್ಟಡದೊಳಗೆ ತಂದದ್ದು ವೆಬ್ ಪ್ರೋಗ್ರಾಮ್ ಕಟ್ಟಲು ಸಿದ್ಧ ಚೌಕಟ್ಟು ಕೊಡುವ ಫ್ರೇಮ್‌ವರ್ಕ್‌ಗಳು. 2005ರಲ್ಲಿ ಹೊರಬಂದ ಜಾಂಗೊ ಮೇಲೆ ಟಾಮ್ ಕ್ರಿಸ್ಟಿ 2011ರಲ್ಲಿ ಕಟ್ಟತೊಡಗಿದ ಜಾಂಗೊ ರೆಸ್ಟ್ ಫ್ರೇಮ್‌ವರ್ಕ್ ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ಅನುಮತಿ ಎರಡು ಹಂತದಲ್ಲಿ ಕೇಳಲ್ಪಡುತ್ತದೆ. ಈ ಬಾಗಿಲು ದಾಟಬಹುದೇ ಎಂಬುದು ಮೊದಲನೆಯದು, ಈ ನಿರ್ದಿಷ್ಟ ದಾಖಲೆಯನ್ನು ಮುಟ್ಟಬಹುದೇ ಎಂಬುದು ಎರಡನೆಯದು. ಕೂಡ್ಲಿಗಿ ಕಚೇರಿಯ ಅಧಿಕಾರಿ ಮೊದಲನೆಯದರಲ್ಲಿ ಗೆದ್ದು, ಕೊಟ್ಟೂರಿನ ಸರ್ವೆ ನಂಬರ್ ಎದುರಾದಾಗ ಎರಡನೆಯದರಲ್ಲಿ ನಿಲ್ಲಬೇಕು. ಯಾವ ಕಾಲಂ ಹೊರಗೆ ಹೋಗಬೇಕು, ಯಾವುದು ಓದಲಿಕ್ಕಷ್ಟೇ ಎಂಬುದನ್ನು ಸೀರಿಯಲೈಸರ್ ಹೇಳುತ್ತದೆ. ವ್ಯವಸ್ಥೆ ಅಚ್ಚುಕಟ್ಟಾಗಿದೆ, ಆದರೆ ಬೇರೇನೂ ಹೇಳದಿದ್ದರೆ ಅದು ಎಲ್ಲರನ್ನೂ ಒಳಗೆ ಬಿಡುತ್ತದೆ. ದಾಖಲೆಗಳ ಪಟ್ಟಿ ಕೇಳಿದಾಗ ಎರಡನೇ ಹಂತದ ಪರೀಕ್ಷೆ ತಾನಾಗಿ ನಡೆಯುವುದೂ ಇಲ್ಲ. ಬೇರೆ ತಾಲ್ಲೂಕಿನ ಸಾಲುಗಳನ್ನು ಪಟ್ಟಿಯಿಂದ ಮೊದಲೇ ಸೋಸಿ ತೆಗೆಯುವ ಹೊಣೆ ಬರೆಯುವವರದೇ.

ಇಂಥ ಬಿರುಕಿನಲ್ಲೇ ಪೆಟ್ಟು ಬಿತ್ತು. 2012ರ ಮಾರ್ಚ್‌ನಲ್ಲಿ ಡೆವಲಪರ್ ಒಬ್ಬರು ಪ್ರೋಗ್ರಾಮ್‌ಗಳ ಭಂಡಾರಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ತಮ್ಮ ಕೀಲಿಯನ್ನು ಸೇರಿಸುವ ಅರ್ಜಿಯೊಳಗೆ, ಕೇಳದೇ ಇದ್ದ ಬಳಕೆದಾರ ಸಂಖ್ಯೆಯ ಕಾಲಮ್ಮೊಂದನ್ನೂ ತುಂಬಿ ಕಳಿಸಿದರು. ವ್ಯವಸ್ಥೆ ಅದನ್ನು ಒಪ್ಪಿಕೊಂಡಿತು, ಪರರ ಭಂಡಾರದ ಬಾಗಿಲು ತೆರೆಯಿತು. ಅರ್ಜಿ ಹಾಕಲು ಅವರಿಗೆ ಅನುಮತಿ ಇತ್ತು. ಆ ಕಾಲಂ ತುಂಬಲು ಇರಲಿಲ್ಲ. ಗಿಟ್‌ಹಬ್ ನಿಂತಿದ್ದ ರೂಬಿ ಆನ್ ರೈಲ್ಸ್ ಎಂಬ ಫ್ರೇಮ್‌ವರ್ಕ್ ಮರುವರ್ಷದ ಆವೃತ್ತಿಯಲ್ಲಿ, ಒಪ್ಪುವ ಕಾಲಂಗಳನ್ನು ಹೆಸರಿಟ್ಟು ಹೇಳಲೇಬೇಕೆಂಬ ನಿಯಮ ತಂದಿತು. ಜಾಂಗೊ ರೆಸ್ಟ್ ಫ್ರೇಮ್‌ವರ್ಕ್ ಕೂಡ 2016ರ 3.5 ಆವೃತ್ತಿಯಿಂದ ಕಾಲಂಗಳ ಬಗ್ಗೆ ಏನನ್ನೂ ಹೇಳದ ಸೀರಿಯಲೈಸರನ್ನು ನಿರಾಕರಿಸಿತು. ಸಾಫ್ಟ್‌ವೇರ್ ಭದ್ರತೆಯ ಒವಾಸ್ಪ್ ಸಂಸ್ಥೆಯ ಪಟ್ಟಿಗಳಲ್ಲಿ ಈ ಅರಿವಿನ ಬೆಳವಣಿಗೆ ಸ್ಪಷ್ಟ. ಎಪಿಐಗಳ ಹತ್ತು ದೊಡ್ಡ ಅಪಾಯಗಳ 2019ರ ಪಟ್ಟಿಯಲ್ಲಿ ಬೇಡದ ಕಾಲಂ ಹೊರಗೆ ಹೋಗುವುದು ಮೂರನೆಯದು, ಬೇಡದ ಕಾಲಂ ಒಳಗೆ ಬರುವುದು ಆರನೆಯದು. 2023ರ ಪಟ್ಟಿ ಇವೆರಡನ್ನೂ ಕೂಡಿಸಿ, ಕಾಲಂ ಮಟ್ಟದ ಅನುಮತಿಯ ದೋಷವೆಂದು ಒಂದೇ ಹೆಸರಿಟ್ಟಿತು. ಪಹಣಿಯಲ್ಲಿರುವ ನಮೂದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು ಎನ್ನುವ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮ್ಮನ್ನು ನೆನೆದರೆ, ಒಂಬತ್ತನೇ ಕಾಲಮ್ಮಿಗೆ ಹೀಗೆ ನುಸುಳುವ ಒಂದು ಹೆಸರಿನ ಬೆಲೆ ಎಷ್ಟೆಂದು ತಿಳಿಯುತ್ತದೆ.

ರೂಪವೇ ಅರ್ಥವಾಗುವ ಸಂಗತಿಯನ್ನು ಹತ್ತಿರದಿಂದ ನೋಡೋಣ. ವಿಸ್ತೀರ್ಣದ ಜಾಗದಲ್ಲಿ 4.20 ಎಂದಿದೆ ಎನ್ನಿ. ಹಳೆಯ ಮೈಸೂರಿನ ಲೆಕ್ಕದಲ್ಲಿ ಅದು 4 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ನಾಲ್ಕೂವರೆ ಎಕರೆ. ಬಳ್ಳಾರಿ ಸೀಮೆ 1953ರವರೆಗೆ ಇದ್ದ ಮದ್ರಾಸಿನ ಲೆಕ್ಕದಲ್ಲಿ ಅದು 4 ಎಕರೆ 20 ಸೆಂಟ್ಸ್. ಎಕರೆಗೆ 100 ಸೆಂಟ್ಸ್. ಅದೇ ಅಂಕಿ, ವ್ಯತ್ಯಾಸ 12 ಗುಂಟೆ. ಬ್ಯಾಂಕಿನ ಸಾಲದ ಮಿತಿ, ಬೆಳೆ ವಿಮೆಯ ಪರಿಹಾರ ಲೆಕ್ಕವಾಗುವುದು ಈ ಅಂಕಿಯ ಮೇಲೆ. ಎಕರೆ ಬೇರೆ, ಅದರ ಭಾಗ ಬೇರೆ, ಅಳತೆಯ ಹೆಸರು ಬೇರೆ ಕಾಲಮ್ಮಾಗಿ ಕಳಿಸದ ಸೀರಿಯಲೈಸರ್ ಅರಿಯದೆಯೇ ಸುಳ್ಳು ಹೇಳುತ್ತದೆ. ಜಿಲ್ಲೆಯ ಹೆಸರೂ ಹಾಗೆಯೇ. ಸಂವಿಧಾನದ 371(ಜೆ) ವಿಧಿಯ ಸವಲತ್ತು ಹಿಂದಿನ ಹೈದರಾಬಾದ್ ಕರ್ನಾಟಕ ಮತ್ತು ಬಳ್ಳಾರಿಗೆ ಸಿಕ್ಕಾಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿದಿತ್ತು; ಬಳ್ಳಾರಿಗೆ ಮರಳಬೇಕೆಂಬ ಅಲ್ಲಿನ ಹೋರಾಟದ ಬೇರು ಅದೇ. ದಾಖಲೆಯ ಒಂದು ಪದದ ಮೇಲೆ ನೇಮಕಾತಿ, ಸೀಟುಗಳ ಹಕ್ಕು ನಿಂತಿರುವಾಗ ಆ ಪದವನ್ನು ಪ್ರತಿ ದಾಖಲೆಯೊಳಗೆ ನಕಲು ಮಾಡಿಡುವುದು ತಪ್ಪು. ಹಳ್ಳಿಗೆ ಬದಲಾಗದ ಸಂಕೇತ ಕೊಟ್ಟು, ಅದು ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ದಿನದಿಂದ ಎಂಬುದನ್ನು ಒಂದೇ ಕಡೆ ಇಟ್ಟರೆ ಸರಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಪಹಣಿ ಸಾರ್ವಜನಿಕ ದಾಖಲೆ; ಕಾಲಂ ಕಾಲಂಗೂ ಕಾವಲು ಹಾಕುವುದೆಂದರೆ ಹಳೆಯ ಗುಟ್ಟಿನ ಕಾಲಕ್ಕೆ ಮರಳಿದಂತಲ್ಲವೇ? ನೆರೆಯವನ ಹೊಲದ ಖಾತೆದಾರ ಯಾರೆಂದು ಯಾರು ಬೇಕಾದರೂ ನೋಡಬಲ್ಲರು ಎಂಬುದೇ 'ಭೂಮಿ'ಯ ಶಕ್ತಿ ಎಂಬುದು ನಿಜ. ಆದರೆ ಅದೇ ಮುಕ್ತತೆಯನ್ನು ಪ್ರಶ್ನಿಸಿದವರೂ ಇದ್ದಾರೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ, ಗಣಕೀಕರಣವು ಅಧಿಕಾರವನ್ನು ಮೇಲಕ್ಕೆ ಒಯ್ದು ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತೆಂದು ವಾದಿಸಿದರು. ಎರಡೂ ಮಾತಿನಲ್ಲಿ ಹುರುಳಿದೆ. ಹಾಗಾಗಿಯೇ ತೆರೆದಿಡುವುದೂ ಒಂದು ಅನುಮತಿ, ಅದನ್ನೂ ಕಾಲಂ ಹಿಡಿದು ನಿರ್ಧರಿಸಬೇಕು ಎನ್ನುವುದು ನನ್ನ ನಿಲುವು. ಖಾತೆದಾರರ ಹೆಸರು, ವಿಸ್ತೀರ್ಣ, ಬೋಜಾ ಊರಿಗೆಲ್ಲ ಕಾಣಲಿ. ರೈತರ ನೋಂದಣಿಯ 'ಫ್ರೂಟ್ಸ್' ವ್ಯವಸ್ಥೆ ಜಮೀನಿನ ಜೊತೆ ಬೆಸೆಯುವ ಆಧಾರ್, ಬ್ಯಾಂಕ್ ಖಾತೆಯಂಥವು ಅದೇ ಉತ್ತರದ ಬೆನ್ನಿಗೆ ಬರಬಾರದು. ವೈಯಕ್ತಿಕ ಮಾಹಿತಿಯನ್ನು ಹೇಳಿದ ಉದ್ದೇಶಕ್ಕಷ್ಟೇ ಬಳಸಬೇಕೆನ್ನುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ ದಿಕ್ಕಿನದು.

ಎರಡನೇ ಆಕ್ಷೇಪ ಕಸುಬುದಾರರದು: ಒಂದೊಂದು ಭಾಗ ಒಂದೊಂದೇ ಕೆಲಸ ಮಾಡಿದರೆ ಪ್ರೋಗ್ರಾಮ್ ತಿಳಿಯಾಗಿರುತ್ತದೆ, ಎರಡನ್ನೂ ಕಲಸಬಾರದು ಎಂದು. ಕಡತಗಳು ಬೇರೆ ಇರಲಿ, ಅಡ್ಡಿಯಿಲ್ಲ, ತೀರ್ಮಾನ ಒಂದಿರಬೇಕು. ರೈತನಿಗೆ, ಕಂದಾಯ ನಿರೀಕ್ಷಕನಿಗೆ, ಬ್ಯಾಂಕಿಗೆ ಬೇರೆಬೇರೆ ಸೀರಿಯಲೈಸರ್. ಯಾವುದೂ ಹೇಳದಿದ್ದರೆ ಬಾಗಿಲು ಮುಚ್ಚಿರುವುದು. ಪಟ್ಟಿಯನ್ನು ತಾಲ್ಲೂಕಿನ ಮಿತಿಯಲ್ಲಿ ಸೋಸಿಯೇ ಕೊಡುವುದು. ಇವಕ್ಕೆ ಬೇಕಾದ ಸಾಧನಗಳೆಲ್ಲ ಫ್ರೇಮ್‌ವರ್ಕಿನಲ್ಲಿ ಆಗಲೇ ಇವೆ. ಯಾರಿಗೆ ಯಾವ ಕಾಲಂ ಎಂಬ ಒಂದು ಪುಟದ ಕೋಷ್ಟಕವನ್ನು ಪ್ರೋಗ್ರಾಮ್ ಬರೆಯುವ ಮೊದಲೇ ಬರೆದು, ಅದನ್ನೇ ಪರೀಕ್ಷೆಯಾಗಿ ಓಡಿಸಿದರೆ ಎರಡು ಭಾಗಗಳೂ ಒಂದೇ ಮಾತು ಆಡುತ್ತವೆ. ಅದು ಸರಿಯಾಗಿದೆಯೇ ಎಂದು ತಿಳಿಯಲು ಕೊಟ್ಟೂರು ತಾಲ್ಲೂಕಾದಂಥ ಒಂದು ದಿನ ಸಾಕು. ಆ ಬೆಳಿಗ್ಗೆ ಕೂಡ್ಲಿಗಿಯ ತಹಶೀಲ್ದಾರರ ಕೀಲಿ ಕೊಟ್ಟೂರಿನ ದಾಖಲೆಗೆ ತಿರುಗಬಾರದು, ಕೊಟ್ಟೂರಿನ ತಹಶೀಲ್ದಾರರದು ತಿರುಗಬೇಕು, ಹಳ್ಳಿಯ ರೈತನ ಕೈಗೆ ಬರುವ ಪಹಣಿಯಲ್ಲಿ ತಾಲ್ಲೂಕಿನ ಹೆಸರು ಬಿಟ್ಟು ಬೇರೆ ಒಂದಕ್ಷರವೂ ಬದಲಾಗಿರಬಾರದು.